ಕಡಲಿನ ಗಾಳಿಯಂತ್ರಗಳೂ ಕರಾವಳಿಯ ಜನಾಭಿಪ್ರಾಯವೂ

ಸಮುದ್ರದಲ್ಲಿ ಸ್ತಂಭಗಳನ್ನು ನಿಲ್ಲಿಸಿ ಗಾಳಿಯ ಬಲದಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಕ್ರಮವು 1991ನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದ ವಿಂಡೆಬಿ ಎಂಬಲ್ಲಿ 11 ಯಂತ್ರಗಳೊಡನೆ ಮೊದಲಾಯಿತು. ಅನಂತರ ಅದು ಹಲವು ದೇಶಗಳಿಗೆ ಹಬ್ಬಿತು. ಕರಾವಳಿಯವರ ವಿರೋಧವೂ ಜೊತೆಯಲ್ಲಿಯೇ ಹಬ್ಬಿತು. ಈ ಶಕ್ತಿಯು ಹಿತಕರವೆಂದು ಒಪ್ಪುವ ಜನರೇ ತಮ್ಮ ತೀರದಲ್ಲಿ ಅದು ಬೇಡವೆನ್ನುವುದೇಕೆಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಯಂತ್ರಗಳು ಕಣ್ಣಿಗೆ ಬೀಳುವುದೇ ವಿರೋಧಕ್ಕೆ ಕಾರಣ, ದೂರಕ್ಕೆ ಸರಿಸಿದರೆ ಅದು ಶಮಿಸುವುದು, ಮಿಕ್ಕುದೆಲ್ಲ ಸ್ವಾರ್ಥ ಎಂಬುದು ಪೂರ್ವಪಕ್ಷ. ಇದನ್ನು ಎರಡು ನಿದರ್ಶನಗಳಿಂದ ಪರೀಕ್ಷಿಸಬಹುದು.

ಕೋಪನ್‌ಹೇಗನ್ ನಗರದೆದುರಿನ ಮಿಡೆಲ್‌ಗ್ರುಂಡನ್ ಎಂಬ ಕಡಲದಿಬ್ಬದ ಮೇಲೆ 2000ದಲ್ಲಿ 20 ಯಂತ್ರಗಳು ನಿಂತುವು. ಅವು ದಡದಿಂದ ಸುಮಾರು ಮೂರೂವರೆ ಕಿಲೋಮೀಟರು ದೂರದಲ್ಲಿ, ನಗರದವರ ಕಣ್ಣೆದುರಿನಲ್ಲಿಯೇ ಇರುವುವು. ಮೊದಲು 27 ಯಂತ್ರಗಳನ್ನು ಮೂರು ಸಾಲುಗಳಲ್ಲಿ ನಿಲ್ಲಿಸುವ ಯೋಚನೆಯಿದ್ದಿತು. ಜನರ ಆಕ್ಷೇಪಣೆಗಳನ್ನು ಕೇಳಿದ ಮೇಲೆ ಸಂಖ್ಯೆಯನ್ನು ಇಳಿಸಿ, ಬಿಲ್ಲಿನಂತೆ ಬಾಗಿದ ಒಂದೇ ಸಾಲಾಗಿ ಮಾಡಿದರು. ಅರ್ಧ ಭಾಗದ ಒಡೆತನವು 8,000ಕ್ಕೂ ಮೀರಿದ ಸದಸ್ಯರಿದ್ದ ಸಹಕಾರ ಸಂಘಕ್ಕೆ ಸೇರಿತು.

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ನಾಂಟಕೆಟ್ ಸೌಂಡ್ ಎಂಬ ಕಡಲಭಾಗದಲ್ಲಿ 170 ಯಂತ್ರಗಳನ್ನು ನಿಲ್ಲಿಸಲು ಖಾಸಗಿ ಸಂಸ್ಥೆಯೊಂದು 2001ರಲ್ಲಿ ಉದ್ಯುಕ್ತವಾಯಿತು. ಅತ್ಯಂತ ಸಮೀಪದ ತೀರವೂ ಸುಮಾರು 8 ಕಿಲೋಮೀಟರು ದೂರವಿದ್ದಿತು. ಆದರೂ ದಡದ ಮನೆಗಳ ಶ್ರೀಮಂತರು, ಮೀನುಗಾರರು, ಆ ನಾಡಿನ ಮೂಲನಿವಾಸಿಗಳಾದ ವಾಂಪನೋಗ್ ಜನರು ಇದನ್ನು ವಿರೋಧಿಸಿದರು. ಸೂರ್ಯೋದಯವನ್ನು ಮರೆಯಿಲ್ಲದೆ ಕಾಣುವುದು ವಾಂಪನೋಗರ ಧಾರ್ಮಿಕ ವಿಧಿಗಳಿಗೆ ಆವಶ್ಯಕ. ವ್ಯಾಜ್ಯಗಳು ಬೆಳೆದುವು, ಹಣದ ಏರ್ಪಾಡು ತಡವಾಗಿ, ವಿದ್ಯುತ್ತನ್ನು ಕೊಳ್ಳತಕ್ಕವರು 2015ರಲ್ಲಿ ಒಪ್ಪಂದಗಳನ್ನು ರದ್ದುಪಡಿಸಿದರು. 2017ರಲ್ಲಿ ಒಂದು ಯಂತ್ರವೂ ನಿಲ್ಲದೆ ಪ್ರಯತ್ನವು ಮುಗಿಯಿತು.

ಹತ್ತಿರವಿದ್ದುದು ನಿಂತಿತು, ದೂರವಿದ್ದುದು ಬಿದ್ದಿತು. ಎರಡು ನಿದರ್ಶನಗಳಿಂದ ಸಾರ್ವತ್ರಿಕ ನಿಯಮವನ್ನು ಸ್ಥಾಪಿಸಲಾಗದು. ಆದರೆ ನಿಯಮವೊಂದನ್ನು ಭಂಗಿಸಲು ಅಷ್ಟು ಸಾಕು. ಆದುದರಿಂದ ದೂರವೆಂಬ ಹೇತುವು ವ್ಯಭಿಚಾರಿಯೆಂದು ತಿಳಿಯತಕ್ಕದ್ದು. ಸ್ವಾರ್ಥವೆಂಬ ಆರೋಪವೂ ಎಲ್ಲರಿಗೂ ಸಲ್ಲದು: ತನ್ನ ದೃಶ್ಯವನ್ನು ಕಾಯುವ ಧನಿಕನನ್ನೂ ಬಲೆಯ ಎಡೆಯನ್ನು ಕಾಯುವ ಮೀನುಗಾರನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಹಾಗಾದರೆ ಪರಿಶೀಲಿಸತಕ್ಕ ಅಂಶಗಳು ಮೂರು: ನಿರ್ಣಯಕ್ಕೆ ಮೊದಲೇ ಜನರನ್ನು ಕೇಳಿದರೆ? ಲಾಭದಲ್ಲಿ ಅವರಿಗೆ ಪಾಲುಂಟೆ? ಆ ಕಡಲು ಅವರ ಬಾಳಿನಲ್ಲಿ ಯಾವ ಸ್ಥಾನದಲ್ಲಿದೆ? ಮೊದಲೆರಡಕ್ಕೆ ಕೋಪನ್‌ಹೇಗನ್ನಿನಲ್ಲಿ ಉತ್ತರ ದೊರೆಯಿತು. ಮೂರನೆಯದಕ್ಕೆ ಪಾಲುಪತ್ರವು ಉತ್ತರವಾಗಲಾರದು, ಸೂರ್ಯೋದಯಕ್ಕೆ ಬೆಲೆ ಕಟ್ಟುವವರಿಲ್ಲವಷ್ಟೆ. ಅಂತಹ ಸ್ಥಳವನ್ನು ನಕ್ಷೆ ಬರೆಯುವ ಮೊದಲೇ ಕೇಳಿ ತಿಳಿದು ಬಿಟ್ಟುಬಿಡುವುದೇ ಯುಕ್ತವಾದುದು.