ಪಾಳು ನೆಲಕ್ಕೂ ಬೇಕು ಆರೋಗ್ಯ ತಪಾಸಣೆ

ಮುಂಬಯಿಯ ಸಯನ್‌ನಿಂದ ಬಾಂದ್ರಾದ ಕಡೆಗೆ ಸಾಗುವ ಹಾದಿಯಲ್ಲಿ, ಧಾರಾವಿಯ ಅಂಚಿಗೆ, ಮೀಠಿ ನದಿಯ ದಂಡೆಯ ಮೇಲೆ ಸುಮಾರು 37 ಎಕರೆಗಳ ದಟ್ಟ ಹಸಿರೊಂದಿದೆ. ಅದೇ ಮಹಾರಾಷ್ಟ್ರ ನಿಸರ್ಗ ಉದ್ಯಾನ. ಆಚೆ ದಡದಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಸೌಧಗಳು. ಅಲ್ಲಿ ದುಡಿಯುವ ಕನ್ನಡಿಗರು ಈ ಮರಗಳನ್ನು ಕಿಟಕಿಯಿಂದ ಕಂಡಿರಬಹುದು. ಆದರೆ ಅವುಗಳ ಬೇರುಗಳು ಇಳಿದಿರುವುದು ಮಹಾನಗರದ ಹಳೆಯ ಕಸದ ರಾಶಿಯೊಳಕ್ಕೆ ಎಂಬುದನ್ನು ಬಲ್ಲವರು ವಿರಳ.

1970ರ ದಶಕದಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. 1983ರಲ್ಲಿ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೊದಲ ಸಸಿಯನ್ನು ನೆಟ್ಟರು. ಉದ್ಯಾನವು ಉದ್ಘಾಟನೆಗೊಂಡದ್ದು 1994ರಲ್ಲಿ. ನಡುವೆ ಹನ್ನೊಂದು ವರ್ಷಗಳು! ಚುನಾವಣೆಯಿಂದ ಚುನಾವಣೆಗೆ ಯೋಜನೆ ರೂಪಿಸುವವರಿಗೆ ಈ ಅವಧಿ ದೀರ್ಘವೆನಿಸೀತು. ನೆಲದ ಲೆಕ್ಕಾಚಾರದಲ್ಲಿ ಅದು ದೀರ್ಘವಲ್ಲ.

ಪಾಳು ಬಿದ್ದ ಗಿರಣಿಯ ನಿವೇಶನವಾಗಲಿ, ಕಸದ ಗುಡ್ಡೆಯಾಗಲಿ, ಉದ್ಯಾನವಾಗುವುದಕ್ಕೆ ಮೊದಲು ಪರೀಕ್ಷೆಗೆ ಒಳಪಡಲೇಬೇಕು. ಆಸ್ತಿಯನ್ನು ಅಡವಿಟ್ಟುಕೊಳ್ಳುವ ಬ್ಯಾಂಕು ಹಿಂದಿನ ವರ್ಷಗಳ ಋಣಭಾರ ಪತ್ರವನ್ನು ತರಿಸಿ ನೋಡುವುದಷ್ಟೆ? ಇಲ್ಲಿಯೂ ಮೊದಲ ಹೆಜ್ಜೆ ಅದೇ. ಆ ನೆಲದಲ್ಲಿ ಹಿಂದೆ ಯಾವ ಉದ್ಯಮ ನಡೆದಿತ್ತು, ತೊಟ್ಟಿಗಳೆಲ್ಲಿದ್ದವು, ತ್ಯಾಜ್ಯವನ್ನು ಎಲ್ಲಿ ಹೂಳಿದರು ಎಂಬುದನ್ನು ಹಳೆಯ ನಕ್ಷೆಗಳಿಂದಲೂ ಹಳೆಯ ಕಾರ್ಮಿಕರಿಂದಲೂ ತಿಳಿಯಬೇಕು. ಬಣ್ಣದ ಕಾರ್ಖಾನೆಯಾಗಿದ್ದರೆ ಸೀಸ, ಚರ್ಮ ಹದಮಾಡುವ ಸ್ಥಳವಾಗಿದ್ದರೆ ಕ್ರೋಮಿಯಂ, ಕಲ್ಲಿದ್ದಲ ಅನಿಲದ ಸ್ಥಾವರವಾಗಿದ್ದರೆ ಟಾರು ಮತ್ತು ಬೆಂಜೀನ್: ಹೀಗೆ ಶಂಕೆಗೆ ಒಂದು ದಿಕ್ಕು ಸಿಗುತ್ತದೆ. ಆ ಮೇಲೆ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಮೇಲ್ಪದರದಿಂದಲೂ ಆಳದಿಂದಲೂ ಮಣ್ಣನ್ನು ತೆಗೆದು, ಅಂತರ್ಜಲದ ಮಾದರಿಯೊಡನೆ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಒಂದೇ ಕಡೆಯ ಹಿಡಿ ಮಣ್ಣನ್ನು ನೋಡಿ ಇಡೀ ನೆಲಕ್ಕೆ ಪ್ರಮಾಣಪತ್ರ ಕೊಡುವುದು, ಒಂದು ತಿಂಗಳ ಪಾಸ್‌ಬುಕ್ ನೋಡಿ ಸಾಲ ಕೊಟ್ಟಂತೆಯೇ ಸರಿ.

ವಿಷವು ನೆಲದಲ್ಲಿದ್ದ ಮಾತ್ರಕ್ಕೆ ಅಪಾಯವಾಯಿತೆಂದಲ್ಲ. ವಿಷದಿಂದ ಮನುಷ್ಯನವರೆಗೆ ಹಾದಿಯೊಂದು ಇರಬೇಕು. ಧೂಳಾಗಿ ಉಸಿರಿಗೆ, ನೀರಾಗಿ ಬಾವಿಗೆ, ತರಕಾರಿಯಾಗಿ ತಟ್ಟೆಗೆ ಅದು ಬರಬಹುದು. ಎಲ್ಲಕ್ಕಿಂತ ಸುಲಭವಾದ ಹಾದಿ ಎಳೆಯ ಮಗುವಿನ ಕೈ. ಮಣ್ಣಿನಲ್ಲಾಡಿದ ಬೆರಳು ಬಾಯಿಗೆ ಹೋಗುವುದನ್ನು ಯಾವ ತಾಯಿಯೂ ಪೂರ್ಣವಾಗಿ ತಡೆಯಲಾರಳು. ಸೀಸವು ಬೆಳೆಯುತ್ತಿರುವ ಮೆದುಳಿಗೆ ಹಾನಿ ಮಾಡುತ್ತದೆ. ಇಷ್ಟಾದರೆ ನಿರಪಾಯವೆನ್ನಬಹುದಾದ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಪರಿಸರ ಸಂಸ್ಥೆಯು ವಸತಿ ಪ್ರದೇಶದ ಮಣ್ಣಿನ ತಪಾಸಣೆಗೆಂದು ಇಟ್ಟುಕೊಂಡಿದ್ದ ಸೀಸದ ಮಟ್ಟವನ್ನು 2024ರ ಜನವರಿಯಲ್ಲಿ ದಶಲಕ್ಷಕ್ಕೆ 400 ಭಾಗಗಳಿಂದ 200ಕ್ಕೆ ಇಳಿಸಿತು. ಆದುದರಿಂದ ಹಿರಿಯರು ನಡೆದಾಡುವ ಹಾದಿಗೆ ಸಾಲುವ ನೆಲ ಮಕ್ಕಳ ಆಟದ ಅಂಗಳಕ್ಕೆ ಸಾಲದೆ ಹೋಗಬಹುದು.

ಕಸದ ಗುಡ್ಡೆಯದು ಬೇರೊಂದು ತೊಡಕು. ಒಳಗೆ ಕೊಳೆಯುವ ವಸ್ತು ದಶಕಗಳ ಕಾಲ ಮೀಥೇನನ್ನು ಹೊರಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡ 5ರಿಂದ 15ರಷ್ಟು ಬೆರೆತಾಗ ಕಿಡಿಯೊಂದೇ ಸಾಕು. ಅನಿಲಕ್ಕೆ ಹೊರದಾರಿ ಮಾಡಿ, ಜೇಡಿಮಣ್ಣು ಹೊದಿಸಿ, ಶುದ್ಧ ಮಣ್ಣು ಹರಡಿದ ಮೇಲಷ್ಟೇ ಹುಲ್ಲಿನ ಮಾತು.

ಭಾರತದಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳು ಹೊರಬಂದದ್ದು 2025ರ ಜುಲೈನಲ್ಲಿ. ಶಂಕಿತ ಸ್ಥಳಗಳನ್ನು ಸ್ಥಳೀಯ ಆಡಳಿತ ಗುರುತಿಸಬೇಕು, ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಬೇಕು, ಕೆಡಿಸಿದವನೇ ವೆಚ್ಚ ಭರಿಸಬೇಕು. ಕಾಗದದ ಮೇಲೆ ಇದು ಒಳ್ಳೆಯದೇ. ಆದರೆ ಬಾಗಿಲು ಮುಚ್ಚಿದ ಕಾರ್ಖಾನೆಯ ಒಡೆಯನನ್ನು ಹುಡುಕುವುದು ಎಷ್ಟು ಕಷ್ಟವೆಂದು ಬಾಕಿ ವಸೂಲಿಗೆ ಅಲೆದವರನ್ನು ಕೇಳಬೇಕು.

ಅಮೆರಿಕದ ಸಿಯಾಟಲ್‌ನಲ್ಲಿ 1906ರಿಂದ 1956ರವರೆಗೆ ನಡೆದ ಅನಿಲ ಸ್ಥಾವರದ ನೆಲವನ್ನು ವಾಸ್ತುಶಿಲ್ಪಿ ರಿಚರ್ಡ್ ಹಾಗ್ ಉದ್ಯಾನವಾಗಿಸಿದರು. ಮಣ್ಣನ್ನು ಉತ್ತು, ಕೊಳಚೆಗೊಬ್ಬರವನ್ನೂ ಮರದ ಹೊಟ್ಟನ್ನೂ ಬೆರೆಸಿ, ಸೂಕ್ಷ್ಮಜೀವಿಗಳಿಂದಲೇ ಎಣ್ಣೆಯ ಅಂಶವನ್ನು ಕರಗಿಸಹೊರಟ ಆ ಪ್ರಯೋಗಕ್ಕೆ ಲೋಕದ ಪ್ರಶಂಸೆ ದೊರೆಯಿತು. 1975ರಲ್ಲಿ ತೆರೆದ ಅದೇ ಉದ್ಯಾನವನ್ನು 1984ರಲ್ಲಿ ಕೆಲಕಾಲ ಮುಚ್ಚಿ ಮಣ್ಣನ್ನು ಮತ್ತೆ ಪರೀಕ್ಷಿಸಬೇಕಾಯಿತು. ಆ ಮೇಲೂ ಶುದ್ಧೀಕರಣ ನಡೆಯುತ್ತಲೇ ಬಂತು. ಇಂದು ಅಲ್ಲಿನ ಹುಲ್ಲುದಿಬ್ಬದ ಮೇಲೆ ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಅಂಚಿನ ಸರೋವರದ ನೀರಿಗೆ ಇಳಿಯಲು ಮಾತ್ರ ಅನುಮತಿಯಿಲ್ಲ.