ಹಸಿರೆಲೆ ಕೊಯ್ಯುವ ಮುನ್ನ ತೆನೆ ಬಿಚ್ಚಿ ನೋಡಿ

ಮುಸುಕಿನ ಜೋಳ ತೆನೆ ಹಿಡಿದು, ಅದರ ಮೀಸೆ ಕಂದುಬಣ್ಣಕ್ಕೆ ತಿರುಗುವ ಹೊತ್ತಿಗೆ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಹಸಿ ಮೇವು ಮುಗಿದಿರುತ್ತದೆ. ತೆನೆ ಬಂದಾಯಿತು, ಇನ್ನು ಎಲೆಯಿಂದೇನು ಎಂದು ಗಿಡದ ತುದಿಯನ್ನೂ ಎಲೆಗಳನ್ನೂ ಕೊಯ್ದು ದನಗಳಿಗೆ ಹಾಕುವವರುಂಟು. ದನದ ಹಸಿವೂ ಸಣ್ಣದಲ್ಲ. ಆದರೆ ಕಾಲಕ್ಕೆ ಮುಂಚೆ ಕೊಯ್ದ ಎಲೆಯ ಬೆಲೆಯನ್ನು ಕಾಳಿನ ತೂಕದಲ್ಲಿ ತೆರಬೇಕಾಗುತ್ತದೆ ಎಂಬುದನ್ನು ರೈತರು ತಿಳಿದಿರಬೇಕು.

ಕಾಳಿನೊಳಗಿನ ಹಿಟ್ಟು ಎಲ್ಲಿಂದ ಬರುತ್ತದೆ? ಮಣ್ಣಿನಿಂದ ಎಂದೇ ಬಹುಕಾಲ ನಂಬಿದ್ದರು. ಬ್ರಸೆಲ್ಸ್ ಕಡೆಯ ವಾನ್ ಹೆಲ್ಮಾಂಟ್ ಎಂಬ ವೈದ್ಯ ಒಂದು ಕುಂಡಕ್ಕೆ 200 ಪೌಂಡು ಒಣ ಮಣ್ಣು ತುಂಬಿ, 5 ಪೌಂಡು ತೂಕದ ವಿಲ್ಲೋ ಗಿಡ ನೆಟ್ಟು, 5 ವರ್ಷ ಬರೀ ನೀರುಣಿಸಿದ. ಗಿಡ 169 ಪೌಂಡಿಗೆ ಬೆಳೆಯಿತು. ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸು ಮಾತ್ರ! ಮರವೆಲ್ಲ ನೀರಿನಿಂದಲೇ ಆಯಿತೆಂದು ಆತ ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಈ ವಿವರ ಅಚ್ಚಾಯಿತು. ಗಾಳಿಯ ಪಾಲು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಗಿಡದ ಹಸಿರು ಭಾಗ ಬಿಸಿಲಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತದೆ, ಕತ್ತಲೆಯಲ್ಲಿ ಅಲ್ಲ ಎಂದು 1779ರಲ್ಲಿ ಇಂಗೆನ್‌ಹೌಸ್ ಎಂಬ ಇನ್ನೊಬ್ಬ ವೈದ್ಯ ತೋರಿಸಿಕೊಟ್ಟ.

ನಡೆಯುವುದು ಹೀಗೆ. ಎಲೆಯ ಮೈಮೇಲೆ ಬರಿಗಣ್ಣಿಗೆ ಕಾಣದ ರಂಧ್ರಗಳಿವೆ. 10,000 ಪಾಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು 4 ಪಾಲಿನಷ್ಟು. ಅಷ್ಟನ್ನೇ ಎಲೆ ಈ ರಂಧ್ರಗಳ ಮೂಲಕ ಎಳೆದುಕೊಳ್ಳುತ್ತದೆ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಬಿಸಿಲಿನ ಶಕ್ತಿಯನ್ನು ಹಿಡಿಯುತ್ತದೆ. ಆ ಶಕ್ತಿಯಿಂದ ಬೇರು ಕಳಿಸಿದ ನೀರು ಒಡೆದು ಆಮ್ಲಜನಕ ಹೊರಹೋಗುತ್ತದೆ, ಇಂಗಾಲವು ಸಕ್ಕರೆಯಾಗುತ್ತದೆ. ದ್ಯುತಿಸಂಶ್ಲೇಷಣೆ ಎಂದು ಇದಕ್ಕೆ ಹೆಸರು. ಹೆಸರು ಭಾರವಾದರೂ ಕೆಲಸ ಅಡಿಗೆಮನೆಯದೇ. ಈ ಸಕ್ಕರೆ ತೆನೆಗೆ ಹರಿದು, ಕಾಳಿನಲ್ಲಿ ಹಿಟ್ಟಾಗಿ ಕೂರುತ್ತದೆ.

ಹಾಗಾದರೆ ಗೊಬ್ಬರ ಏಕೆ ಎಂದು ನೀವು ಕೇಳಬಹುದು. ಸಾರಜನಕವಿಲ್ಲದೆ ಪತ್ರಹರಿತ್ತು ಆಗುವುದಿಲ್ಲ. ಎಲೆ ಹಳದಿಯಾಗುವುದು ಅದಕ್ಕೇ. ಗೊಬ್ಬರ ಒಲೆ ಕಟ್ಟಿಕೊಡುತ್ತದೆ, ಅಡಿಗೆ ಮಾಡುವುದು ಎಲೆ. ಒಂದು ಹೊರೆ ದಂಟು ಸುಟ್ಟಾಗ ಉಳಿಯುವ ಹಿಡಿ ಬೂದಿಯನ್ನು ನೋಡಿ. ಹೊಗೆಯಲ್ಲಿ ಹೋಗುವ ಸಾರಜನಕವನ್ನು ಬಿಟ್ಟರೆ, ಮಣ್ಣು ಕೊಟ್ಟದ್ದು ಹೆಚ್ಚುಕಡಿಮೆ ಅಷ್ಟೇ.

ಮುಸುಕಿನ ಜೋಳ, ಜೋಳ, ರಾಗಿ, ಕಬ್ಬು ಈ ಕೆಲಸದಲ್ಲಿ ಭತ್ತ, ಗೋಧಿಗಿಂತ ಜಾಣ ಬೆಳೆಗಳು. ಇಂಗಾಲವನ್ನು ಎಲೆಯೊಳಗೆ ಒಂದೆಡೆ ಒತ್ತಾಗಿ ಕೂಡಿಟ್ಟುಕೊಂಡು ಸಕ್ಕರೆ ಮಾಡುತ್ತವೆ. ಆಸ್ಟ್ರೇಲಿಯಾದಲ್ಲಿ ಕಬ್ಬಿನ ಎಲೆಯನ್ನು ಪರೀಕ್ಷಿಸಿ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ಈ ದಾರಿಯನ್ನು ವಿವರಿಸಿದರು. ಸುಡುಬಿಸಿಲಿನಲ್ಲೂ ಈ ಬೆಳೆಗಳು ಚೆನ್ನಾಗಿ ದುಡಿಯುತ್ತವೆ. ಬದುವಿನ ಮರದ ನೆರಳಿಗೆ ಸಿಕ್ಕಿದರೆ ಮಾತ್ರ ಸೊರಗುತ್ತವೆ. ನೀರು ಸಾಲದಾದರೂ ಅಷ್ಟೇ: ನಡುಹಗಲು ಎಲೆ ಸುರುಳಿಯಾಗಿ, ರಂಧ್ರ ಮುಚ್ಚಿ, ಅಡಿಗೆ ನಿಲ್ಲುತ್ತದೆ. ಸೂಲಂಗಿ ಮತ್ತು ಮೀಸೆ ಹೊರಡುವ ಕಾಲದಲ್ಲಿ, ನೀರಿನ ಅನುಕೂಲವಿದ್ದವರು, ಒಂದು ನೀರು ತಪ್ಪಿಸಬಾರದು.

ಈಗ ಎಲೆಯ ಮಾತು. ಕಾಳು ತುಂಬಲು ಬೇಕಾದ ಸಕ್ಕರೆಯ ಹೆಚ್ಚಿನ ಪಾಲು ತೆನೆಯ ಪಕ್ಕದ ಎಲೆ ಹಾಗೂ ಅದರ ಮೇಲಿನ ಎಲೆಗಳಿಂದ ಬರುತ್ತದೆ. ಮೇವಿಗೆಂದು ನಾವು ಮೊದಲು ಕೈ ಹಾಕುವುದೂ ಅವಕ್ಕೇ. ಕಾಳು ಹಾಲುಗಟ್ಟುವಾಗ ತುದಿ ಕೊಯ್ದರೆ ತೆನೆಯ ಉದ್ದ ಕುಗ್ಗದಿರಬಹುದು, ಆದರೆ ಕಾಳು ಜೊಳ್ಳಾಗುತ್ತದೆ. ನಷ್ಟ ಹೊಲದಲ್ಲಿ ಕಾಣದು, ತಕ್ಕಡಿಯಲ್ಲಿ ಕಾಣುತ್ತದೆ.

ಕೊಯ್ಯಲು ಸರಿಯಾದ ಕಾಲವನ್ನು ನೀವೇ ಪರೀಕ್ಷಿಸಬಹುದು. ಹೊಲದ ನಾಲ್ಕಾರು ಕಡೆ ಒಂದೊಂದು ತೆನೆ ಬಿಚ್ಚಿ, ನಡುವಿನ ಕಾಳು ಕಿತ್ತು, ದಿಂಡಿಗೆ ಅಂಟಿದ್ದ ಅದರ ಬುಡವನ್ನು ಉಗುರಿನಿಂದ ಕೆರೆಯಿರಿ. ಅಲ್ಲಿ ಕಪ್ಪು ಪದರ ಕಂಡರೆ ಸಕ್ಕರೆ ಬರುವ ದಾರಿ ಮುಚ್ಚಿದೆ ಎಂದರ್ಥ. ಆಮೇಲೆ ಹಸಿರಾಗಿ ಉಳಿದ ಎಲೆ, ತುದಿ ಕೊಯ್ದರೆ ಕಾಳಿಗೆ ತೊಂದರೆಯಿಲ್ಲ.

ಅಷ್ಟು ದಿನ ಕಾಯಲಾಗದಿದ್ದರೆ ತೆನೆ ಹಿಡಿಯದ ಬಂಜೆ ಗಿಡಗಳನ್ನು ಮೊದಲು ಕೀಳಿ. ನಂತರ ಬುಡದ ಕಡೆ ನೆರಳಿಗೆ ಸಿಕ್ಕಿ ಹಳದಿಗೆ ತಿರುಗುತ್ತಿರುವ ಎಲೆಗಳನ್ನು ಬಿಡಿಸಿಕೊಳ್ಳಿ. ಬೆಳೆಗೆ ಕೀಟನಾಶಕ ಸಿಂಪಡಿಸಿದ್ದರೆ, ಪೊಟ್ಟಣದ ಮೇಲೆ ಹೇಳಿದಷ್ಟು ದಿನ ಕಳೆಯುವವರೆಗೆ ಯಾವ ಎಲೆಯನ್ನೂ ದನಗಳಿಗೆ ಹಾಕಬಾರದು.