ಎಡಗೈ ಗಾಳಗಾರರಿಗೆ ಯಾವ ರೀಲು?

ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿ ದಾಟಿ ಬರುತ್ತದೆ. ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟು ಅದನ್ನು ತಡೆದು ರೇಣುಕಾಸಾಗರವಾಗಿಸುತ್ತದೆ. ಅಲ್ಲಿಂದ ಮುಂದೆ ಹೊಳೆ ರಾಮದುರ್ಗದ ಮಗ್ಗುಲಲ್ಲಿ ಹರಿಯುತ್ತದೆ. ಈ ದಂಡೆಗಳಲ್ಲಿ ಬಿದಿರು ಗಳಕ್ಕೆ ದಾರ ಕಟ್ಟಿ ಗಾಳ ಹಾಕುವವರಿಗೆ ಎಡಗೈ, ಬಲಗೈ ಎಂಬ ಭೇದವಿಲ್ಲ. ಗಳಕ್ಕೆ ರೀಲು ಬಂತೆಂದರೆ ಭೇದವೂ ಬಂತು, ಏಕೆಂದರೆ ರೀಲಿಗೆ ಒಂದು ಹಿಡಿಕೆ, ಆ ಹಿಡಿಕೆಗೆ ಒಂದು ಬದಿ.

ಹೆಚ್ಚುಕಡಿಮೆ ಹತ್ತು ಜನರಲ್ಲಿ ಒಬ್ಬರು ಎಡಚರು. ಚಿಕ್ಕಂದಿನಿಂದ ಎಡಗೈಯಲ್ಲೇ ಗಾಳ ಬೀಸುತ್ತ ಬಂದ ನಾನೂ ಅವರಲ್ಲೊಬ್ಬ. ರೀಲು ಕೆಲಸ ಮಾಡುವ ಬಗೆ ತಿಳಿದರೆ ಎಡಚರಿಗೆ ಯಾವ ಕೊರತೆಯೂ ಇಲ್ಲವೆಂದು ಗಟ್ಟಿಯಾಗಿ ಹೇಳಬಲ್ಲೆ.

ಮೊದಲ ನಿಯಮ ಸರಳ: ಚುರುಕಾದ ಕೈಗೆ ರಾಡ್, ಇನ್ನೊಂದು ಕೈಗೆ ಹಿಡಿಕೆ. ಗುರಿ ಹಿಡಿದು ಬೀಸುವುದು, ಮೀನು ಕಚ್ಚಿದ್ದನ್ನು ಗುರುತಿಸುವುದು, ಅದರ ಎಳೆತಕ್ಕೆ ಬಾಗಿ ಕೊಡುವುದು, ಇವೆಲ್ಲ ರಾಡ್ ಹಿಡಿದ ಕೈಯ ಕೆಲಸ. ಹಿಡಿಕೆ ತಿರುವಲು ಅಷ್ಟು ನಾಜೂಕು ಬೇಕಿಲ್ಲ. ಹಾಗಾಗಿ ಎಡಚರಿಗೆ ಬೇಕಾದದ್ದು ಬಲಬದಿಯಲ್ಲಿ ಹಿಡಿಕೆಯಿರುವ ರೀಲು.

ಸ್ಪಿನ್ನಿಂಗ್ ರೀಲಿನಲ್ಲಿ ಇದು ಸುಲಭ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಜವಳಿ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಇದರ ಮೂಲ ವಿನ್ಯಾಸಕ್ಕೆ ಪೇಟೆಂಟ್ ಪಡೆದ. ರಾಮದುರ್ಗ ಸೀಮೆಯ ನೇಕಾರರಿಗೆ ಇದರ ತತ್ತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಲಾಳಿಯೊಳಗಿನ ಕಂಡಿಕೆ ತಾನು ತಿರುಗದೆ ತುದಿಯಿಂದ ನೂಲು ಬಿಡುವಂತೆ, ಬೀಸಿದಾಗ ಈ ರೀಲಿನ ಸ್ಪೂಲು ಅಲುಗದೆ ನಿಂತು ದಾರ ಬಿಡುತ್ತದೆ. ಮರಳಿ ಸುತ್ತುವಾಗ ರೋಟರ್ ಎಂಬ ಭಾಗ ಸ್ಪೂಲಿನ ಸುತ್ತ ಓಡಿ ದಾರವನ್ನು ಹೊದಿಸುತ್ತದೆ.

ರೋಟರನ್ನು ಓಡಿಸುವ ದೊಡ್ಡ ಗೇರು ರೀಲಿನ ಒಡಲ ನಡುವೆ ಇರುತ್ತದೆ. ಅದರ ಅಚ್ಚು ಎರಡೂ ಬದಿಗೆ ತೆರೆದಿರುವುದರಿಂದ ಹಿಡಿಕೆಯನ್ನು ಯಾವ ಕಡೆಗಾದರೂ ಹಾಕಬಹುದು. ಬದಿ ಬದಲಿಸಿದರೂ ಹಿಡಿಕೆಯನ್ನು ಮುಂದಕ್ಕೇ ತಿರುವುತ್ತೇವೆ, ರೋಟರ್ ಮೊದಲಿನ ದಿಕ್ಕಿಗೇ ಓಡುತ್ತದೆ. ಆದರೆ ಬಲಬದಿಯಿಂದ ನೋಡಿದರೆ ಹಿಡಿಕೆ ಗಡಿಯಾರದ ಮುಳ್ಳಿನಂತೆ, ಎಡಬದಿಯಿಂದ ನೋಡಿದರೆ ಅದಕ್ಕೆ ಎದುರಾಗಿ ಸುತ್ತುತ್ತದೆ. ನೇರವಾಗಿ ತಿರುಪಿ ಕೂರಿಸುವ ಹಿಡಿಕೆಗಳಲ್ಲಿ ಇದಕ್ಕಾಗಿಯೇ ಎರಡು ಬದಿಗೆ ಎರಡು ಬಗೆಯ ಮರೆ ಕೊರೆದಿರುತ್ತಾರೆ. ಎರಡೂ ಕಡೆ ತಿರುವಿದಷ್ಟೂ ಹಿಡಿಕೆ ಬಿಗಿಯಾಗುತ್ತದೆ. ಅಂಗಡಿಯಿಂದ ಬರುವಾಗ ಹಿಡಿಕೆ ಸಾಮಾನ್ಯವಾಗಿ ಎಡಬದಿಯಲ್ಲಿರುತ್ತದೆ. ಬಿಚ್ಚಿ ಬಲಕ್ಕೆ ಹಾಕಿ, ಖಾಲಿಯಾದ ತೂತಿಗೆ ಮುಚ್ಚಳ ಕೂರಿಸಿ. ಮುಚ್ಚಳ ಬಿಟ್ಟರೆ ಎರೆಮಣ್ಣಿನ ಕೆಸರು ಗೇರಿಗೆ ಇಳಿಯುತ್ತದೆ.

ಬೈಟ್‌ಕಾಸ್ಟಿಂಗ್ ರೀಲಿನ ಕಥೆ ಬೇರೆ. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ರೂಪಿಸಿದ ರೀಲು ಇದರ ಪೂರ್ವಜ. ಇಲ್ಲಿ ಸ್ಪೂಲೇ ತಿರುಗಿ ದಾರ ಬಿಡುತ್ತದೆ. ಗೇರು, ಕ್ಲಚ್, ಡ್ರ್ಯಾಗ್ ಎಲ್ಲವೂ ಒಂದೇ ಬದಿಯಲ್ಲಿ ಅಡಕವಾಗಿರುವುದರಿಂದ ಹಿಡಿಕೆಯ ಬದಿ ಬದಲಿಸಲಾಗದು. ಕೊಳ್ಳುವಾಗಲೇ ನಿರ್ಧರಿಸಬೇಕು.

ಎಡಚರು ಎಡವುವುದು ಇಲ್ಲೇ. ‘ಲೆಫ್ಟ್ ಹ್ಯಾಂಡ್’ ಎಂದು ಪೆಟ್ಟಿಗೆಯ ಮೇಲಿದ್ದರೆ ಹಿಡಿಕೆ ಎಡಬದಿಯಲ್ಲಿದೆ ಎಂದಷ್ಟೇ ಅರ್ಥ. ರಾಡನ್ನು ಬಲಗೈಯಲ್ಲಿ ಹಿಡಿಯುವವರಿಗೆ ಅದು ಅನುಕೂಲ. ಹಳೆಯ ರೂಢಿಯ, ಬಲಬದಿಯ ಹಿಡಿಕೆಯ ರೀಲನ್ನೇ ಎಡಚರು ಆರಿಸಿಕೊಳ್ಳಬೇಕು. ಬಲಗೈಯವರು ಆ ರೀಲಿನಲ್ಲಿ ಬೀಸಿದ ಮೇಲೆ ರಾಡನ್ನು ಕೈ ಬದಲಿಸುತ್ತಾರೆ. ಎಡಗೈಯಲ್ಲಿ ಬೀಸಿದವರ ಬಲಗೈ ನೇರವಾಗಿ ಹಿಡಿಕೆಗೆ ಹೋಗುತ್ತದೆ. ಶಿಮಾನೋ ಕಂಪನಿಯ ಬೈಟ್‌ಕಾಸ್ಟಿಂಗ್ ರೀಲುಗಳಲ್ಲಿ ಮಾದರಿ ಸಂಖ್ಯೆಯೇ ಬದಿ ಹೇಳುತ್ತದೆ: 150 ಎಂದಿದ್ದರೆ ಬಲ, 151 ಎಂದಿದ್ದರೆ ಎಡ.

ಹೊಸಬರು ಸ್ಪಿನ್ನಿಂಗ್ ರೀಲಿನಿಂದಲೇ ಶುರುಮಾಡಲಿ. ಬೈಟ್‌ಕಾಸ್ಟಿಂಗ್‌ನಲ್ಲಿ ಹೆಬ್ಬೆರಳಿನ ಹತೋಟಿ ತಪ್ಪಿದರೆ ಸ್ಪೂಲು ದಾರಕ್ಕಿಂತ ಜೋರಾಗಿ ಓಡಿ ಗೋಜಲು ಕಟ್ಟುತ್ತದೆ. ಕಟ್ಲಾ, ರೋಹು ಗಾತ್ರದ ಮೀನಿಗೆ ಏಳೆಂಟು ಅಡಿಯ ರಾಡ್, 3000 ಅಥವಾ 4000 ಅಳತೆಯ ರೀಲು ಸಾಕು. ದಾರ 6 ಕೆ.ಜಿ. ತಾಳುವುದಾದರೆ ಒಂದೂವರೆಯಿಂದ 2 ಕೆ.ಜಿ. ಎಳೆತಕ್ಕೆ ಜಾರುವಂತೆ ಡ್ರ್ಯಾಗ್ ಬಿಗಿಯಿರಿ. ಮೀನು ದಾರ ಎಳೆದುಕೊಂಡು ಓಡುವಾಗ ಹಿಡಿಕೆ ತಿರುವಬೇಡಿ. ಗೇರು ಅನುಪಾತ 5.2:1 ಇರುವ ಸ್ಪಿನ್ನಿಂಗ್ ರೀಲಿನಲ್ಲಿ ಹಾಗೆ ತಿರುವಿದ ಒಂದೊಂದು ಸುತ್ತಿಗೂ ದಾರಕ್ಕೆ ಐದಕ್ಕೂ ಹೆಚ್ಚು ಹುರಿ ಬೀಳುತ್ತದೆ. ಮೀನು ನಿಂತ ಮೇಲೆ ರಾಡ್ ಎತ್ತಿ, ಇಳಿಸುತ್ತ ಸುತ್ತಿ.

ಹಿರಿಯರಲ್ಲಿ ನನ್ನದೊಂದು ವಿನಂತಿ. ಮಗು ಎಡಗೈಯಲ್ಲಿ ಗಾಳ ಬೀಸಿದರೆ ಕೈ ಬದಲಿಸು ಎಂದು ಗದರಬೇಡಿ. ಹಿಡಿಕೆಯನ್ನು ಬಲಕ್ಕೆ ಹಾಕಿಕೊಡಿ. ಬದಲಾಗಬೇಕಾದದ್ದು ರೀಲು, ಮಗುವಲ್ಲ.